ಗೋಡೆಯ ಟಿವಿ ಕಾಯಬಹುದು, ಓದುವ ಮೇಜು ಕಾಯಲಾಗದು

ಹಬ್ಬದ ಸಾಲು ಶುರುವಾಯಿತೆಂದರೆ ಮನೆಮನೆಯಲ್ಲೂ ಟಿವಿ ಬದಲಿಸುವ ಮಾತು ಏಳುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲಂತೂ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಈಗಲೇ 4ಕೆ ತರುವುದೋ, ಇನ್ನೆರಡು ವರ್ಷ ತಡೆದು 8ಕೆ ತರುವುದೋ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಕೈಯಲ್ಲಿ ಹಣ ಆಡುತ್ತಿರುವವರು, 8ಕೆ ಅಂಗಡಿಗೆ ಬಂದೇ ಇದೆಯಲ್ಲ, ಕಾಯುವುದು ಯಾಕೆ ಎನ್ನುತ್ತಾರೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಡುಮನೆಯ ಗೋಡೆಗೆ ಹಾಕುವ ಟಿವಿಯ ವಿಷಯದಲ್ಲಿ 8ಕೆಗಾಗಿ ಕಾಯುವುದೂ ಬೇಡ, ಅದನ್ನು ಕೊಳ್ಳುವುದೂ ಬೇಡ. ಇರುವ ಟಿವಿ ಸರಿಯಾಗಿದ್ದರೆ ಅದನ್ನೇ ಇನ್ನಷ್ಟು ವರ್ಷ ನೋಡಿ. ಕೆಟ್ಟಿದ್ದರೆ ಒಳ್ಳೆಯದೊಂದು 4ಕೆ ತನ್ನಿ. ಆದರೆ ದಿನಕ್ಕೆ ನಾಲ್ಕಾರು ಗಂಟೆ ಕೂತು ಓದುವ, ಬರೆಯುವ ಕಂಪ್ಯೂಟರಿನ ಪರದೆ ಹಳೆಯದಾಗಿದ್ದರೆ, ಅಲ್ಲಿ ಮಾತ್ರ ಸುಮ್ಮನೆ ಕಾಯಬೇಡಿ. ಒಂದೇ ತಂತ್ರಜ್ಞಾನಕ್ಕೆ ಹೀಗೆ ಎರಡು ಉತ್ತರ ಯಾಕೆ ಎಂಬುದನ್ನು ಬಿಡಿಸಿ ನೋಡೋಣ.

ಪರದೆಯ ಮೇಲಿನ ಚಿತ್ರ ಆಗಿರುವುದು ಪಿಕ್ಸೆಲ್ ಎಂಬ ಪುಟ್ಟ ಚುಕ್ಕೆಗಳಿಂದ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 4ಕೆಯಲ್ಲಿ ಇದು 3840 ಮತ್ತು 2160, ಒಟ್ಟು 83 ಲಕ್ಷದ ಹತ್ತಿರ. 8ಕೆಯಲ್ಲಿ 7680 ಮತ್ತು 4320, ಒಟ್ಟು 3.3 ಕೋಟಿ. ಮೆಟ್ಟಿಲು ಏರಿದಂತೆಲ್ಲ ನಾಲ್ಕು ಪಟ್ಟು ಹೆಚ್ಚು. ಜಾಹೀರಾತು ನಮಗೆ ಹೇಳುವುದು ಇಷ್ಟು. ಆದರೆ ಚಿತ್ರ ನಮ್ಮನ್ನು ಮುಟ್ಟಬೇಕಾದರೆ ನಾಲ್ಕು ಹಂತ ದಾಟಬೇಕು: ಅದನ್ನು ಚಿತ್ರೀಕರಿಸಿ ಸಿದ್ಧಪಡಿಸಿದ ರೀತಿ, ಮನೆಗೆ ಕಳಿಸುವ ಕೇಬಲ್, ಡಿಶ್ ಅಥವಾ ಇಂಟರ್ನೆಟ್, ಅದನ್ನು ಬಿಡಿಸಿ ತೋರಿಸುವ ಪೆಟ್ಟಿಗೆ ಮತ್ತು ಟಿವಿ, ಕೊನೆಗೆ ನಮ್ಮ ಕಣ್ಣು. ಈ ನಾಲ್ಕರಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರ ಮಟ್ಟಕ್ಕೇ ಚಿತ್ರ ನಿಲ್ಲುತ್ತದೆ.

ಕಣ್ಣಿನಿಂದಲೇ ಶುರು ಮಾಡೋಣ. ಕಣ್ಣಿನ ವೈದ್ಯರು 6/6 ಎಂದು ಬರೆದುಕೊಡುವ ದೃಷ್ಟಿಗೆ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗದಷ್ಟು ಚಿಕ್ಕ ವಿವರ ಬೇರೆಯಾಗಿ ಕಾಣುತ್ತದೆ ಎಂಬುದು ಹಳೆಯ ಲೆಕ್ಕ. ಅದಕ್ಕಿಂತ ಚಿಕ್ಕದಾದರೆ ಅಕ್ಕಪಕ್ಕದ ಎರಡು ಚುಕ್ಕೆಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. 55 ಇಂಚಿನ ಫುಲ್ ಎಚ್‌ಡಿ ಟಿವಿಯ ಒಂದು ಪಿಕ್ಸೆಲ್ ಸುಮಾರು 0.63 ಮಿಲಿಮೀಟರ್ ಅಗಲ ಇರುತ್ತದೆ. ಏಳಡಿ ಆಚೆ ಕೂತರೆ ಆ ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅದೇ ಗಾತ್ರದ 4ಕೆ ಟಿವಿಯಲ್ಲಿ ಈ ಗಡಿ ಮೂರೂವರೆ ಅಡಿಗೆ ಬರುತ್ತದೆ, 8ಕೆಯಲ್ಲಿ ಎರಡು ಅಡಿಗೂ ಒಳಗೆ. ಎರಡಡಿ ದೂರದಿಂದ 55 ಇಂಚಿನ ಟಿವಿ ನೋಡುವವರು ಯಾರೂ ಇಲ್ಲ.

ಈ ಹಳೆಯ ಲೆಕ್ಕ ತೀರಾ ಬಿಗಿ ಎಂಬ ಆಕ್ಷೇಪ ಬಹಳ ದಿನಗಳಿಂದ ಇತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಕಂಪನಿಯ ಸಂಶೋಧಕರು 2025ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಆ ಆಕ್ಷೇಪವನ್ನು ಎತ್ತಿಹಿಡಿಯಿತು. ಕಪ್ಪು ಬಿಳುಪಿನ ಸೂಕ್ಷ್ಮ ವಿವರಗಳ ವಿಷಯದಲ್ಲಿ ಕಣ್ಣಿನ ಮಿತಿ ಡಿಗ್ರಿಗೆ 60 ಅಲ್ಲ, ಸರಾಸರಿ 94 ಪಿಕ್ಸೆಲ್ ಎಂದು ಅವರು ಅಳೆದು ತೋರಿಸಿದರು. ಅಂದರೆ ಕಣ್ಣು ನಾವು ಅಂದುಕೊಂಡದ್ದಕ್ಕಿಂತ ಚುರುಕು. ಹಾಗಿದ್ದೂ ಅದೇ ಸಂಶೋಧಕರು ಕೊಟ್ಟ ಉದಾಹರಣೆ ನೋಡಿ: ಎರಡೂವರೆ ಮೀಟರ್ ದೂರದ ಸೋಫಾದಿಂದ 44 ಇಂಚಿನ ಟಿವಿ ನೋಡುವವರಿಗೆ, ಫುಲ್ ಎಚ್‌ಡಿ ಮತ್ತು 4ಕೆಯ ನಡುವಿನ ಕ್ವಾಡ್ ಎಚ್‌ಡಿ ದಾಟಿದ ಮೇಲೆ 4ಕೆಯಿಂದಲೂ 8ಕೆಯಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಈ ಉದಾರ ಲೆಕ್ಕದಲ್ಲೇ ಅಳೆದರೂ 55 ಇಂಚಿನ 8ಕೆ ಟಿವಿಯ ಹೆಚ್ಚಿನ ಚುಕ್ಕೆಗಳು ಕೆಲಸಕ್ಕೆ ಬರಬೇಕಾದರೆ ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ಪೂರಾ ಪ್ರಯೋಜನ ಸಿಗುವುದು ಮೂರಡಿಯಲ್ಲಿ. ನಮ್ಮ ಬಾಡಿಗೆ ಮನೆಯ ಹಾಲ್ ಎಷ್ಟೇ ಚಿಕ್ಕದಿದ್ದರೂ ಟಿವಿ ಮತ್ತು ದಿವಾನದ ನಡುವೆ ಏಳೆಂಟು ಅಡಿ ಇದ್ದೇ ಇರುತ್ತದೆ.

ಹಾಗಾದರೆ ಅಂಗಡಿಯಲ್ಲಿ ಅದು ಅಷ್ಟು ಚೆನ್ನಾಗಿ ಕಂಡದ್ದು ಹೇಗೆ? ಶೋರೂಮಿನಲ್ಲಿ ನಾವು ನಿಲ್ಲುವುದು ಟಿವಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ. ಪರದೆಯ ಮೇಲೆ ಓಡುವುದು ಕಂಪನಿಯೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟ ವಿಡಿಯೊ: ಸೀಳಿದ ದಾಳಿಂಬೆ, ಇಬ್ಬನಿ ಕೂತ ಹೂವು, ರಾತ್ರಿಯ ನಗರದ ದೀಪಗಳು. ಕ್ಯಾಮೆರಾ ಮೆಲ್ಲಗೆ ಸರಿಯುತ್ತದೆ, ಬೆಳಕು ಹೇರಳವಾಗಿರುತ್ತದೆ. ಟಿವಿ ಕೂಡ ಅತಿ ಪ್ರಖರವಾದ ಡೆಮೊ ಮೋಡ್‌ನಲ್ಲಿರುತ್ತದೆ. ಮನೆಗೆ ತಂದ ಮೇಲೆ ಇದರಲ್ಲಿ ಒಂದೂ ಉಳಿಯುವುದಿಲ್ಲ. ಆದ್ದರಿಂದ ಅಂಗಡಿಯವರಿಗೆ ಸಂಕೋಚವಿಲ್ಲದೆ ಹೇಳಿ: ಸ್ವಾಮಿ, ಸೆಟ್ ಟಾಪ್ ಬಾಕ್ಸ್ ಹಾಕಿ ನಮ್ಮ ಕನ್ನಡ ಚಾನೆಲ್ ತೋರಿಸಿ, ಪಿಕ್ಚರ್ ಮೋಡ್ ಸಿನಿಮಾಗೆ ತನ್ನಿ, ನಾನು ಎಂಟಡಿ ಹಿಂದೆ ನಿಂತು ನೋಡುತ್ತೇನೆ. ಹಾಗೆ ನೋಡಿಯೂ ದುಬಾರಿ ಟಿವಿಯೇ ಮೇಲು ಎನಿಸಿದರೆ ಧಾರಾಳವಾಗಿ ಕೊಳ್ಳಿ.

ಇನ್ನು ಚಿತ್ರದ ಮೂಲ. ಬಾವಿಯಲ್ಲಿ ಇದ್ದರೆ ತಾನೇ ಕೊಡಕ್ಕೆ ಬರುವುದು? ಕನ್ನಡದ ದೊಡ್ಡ ಮನರಂಜನಾ ಚಾನೆಲ್ಲುಗಳು ಎಚ್‌ಡಿಯಲ್ಲಿ ಸಿಗುತ್ತವೆ. ಆದರೆ ಎಚ್‌ಡಿ ಪ್ಯಾಕ್ ಹಾಕಿಸಿಕೊಳ್ಳದೆ ಹಳೆಯ ಎಸ್‌ಡಿ ಗುಣಮಟ್ಟದಲ್ಲೇ ನೋಡುವ ಮನೆಗಳು ಇಂದಿಗೂ ಬೇಕಾದಷ್ಟಿವೆ. ಎಸ್‌ಡಿ ಚಿತ್ರದಲ್ಲಿರುವುದು ಹೆಚ್ಚೆಂದರೆ 720 ಮತ್ತು 576ರ ಲೆಕ್ಕದಲ್ಲಿ ನಾಲ್ಕು ಲಕ್ಷ ಚಿಲ್ಲರೆ ಪಿಕ್ಸೆಲ್. ಅದನ್ನು 4ಕೆ ಪರದೆಯ ತುಂಬ ಹರಡಿದರೆ ಬಂದ ಒಂದೊಂದು ಪಿಕ್ಸೆಲ್ಲಿಗೂ ಪರದೆಯಲ್ಲಿ 20 ಜಾಗ. ಒಂದು ಅಸಲಿ, ಉಳಿದ ಹತ್ತೊಂಬತ್ತನ್ನು ಟಿವಿಯೊಳಗಿನ ಚಿಪ್ ಅಂದಾಜಿನಿಂದ ತುಂಬಬೇಕು. 8ಕೆಯಲ್ಲಿ 80 ಜಾಗ, 79 ಅಂದಾಜು. ಫುಲ್ ಎಚ್‌ಡಿ ಚಿತ್ರವನ್ನೇ 8ಕೆಗೆ ಹರಡಿದರೂ ಹದಿನಾರರಲ್ಲಿ ಹದಿನೈದು ಅಂದಾಜಿನವೇ. ಚಿಪ್‌ಗಳು ಈ ಕೆಲಸದಲ್ಲಿ ಬಹಳ ಪಳಗಿವೆ, ನಿಜ. ಆದರೂ ಕ್ಯಾಮೆರಾ ಕಾಣದ ವಿವರವನ್ನು ಅವು ಹುಟ್ಟಿಸಲಾರವು.

ಸಿನಿಮಾದ ಕಥೆಯೂ ಹೆಚ್ಚು ಬೇರೆಯಲ್ಲ. ನಮ್ಮ ಬಹಳಷ್ಟು ಚಿತ್ರಮಂದಿರಗಳಲ್ಲಿ ಇಂದಿಗೂ ಓಡುತ್ತಿರುವುದು 2ಕೆ ಪ್ರೊಜೆಕ್ಟರ್. ಅದರದ್ದು 2048 ಮತ್ತು 1080 ಪಿಕ್ಸೆಲ್, ಅಂದರೆ ಮನೆಯ ಫುಲ್ ಎಚ್‌ಡಿಗಿಂತ ಕೂದಲೆಳೆಯಷ್ಟು ಹೆಚ್ಚು. ನಲವತ್ತು ಅಡಿಯ ಪರದೆಯ ಮೇಲೆ ಅಷ್ಟೇ ಚುಕ್ಕೆಗಳಲ್ಲಿ ಸಿನಿಮಾ ನೋಡಿ ನಾವು ಮನತುಂಬಿ ಹೊರಬರುತ್ತೇವೆ.

ಹಾಗೆಂದು ಹೆಚ್ಚಿನ ರೆಸಲ್ಯೂಶನ್ ಬರೀ ವ್ಯಾಪಾರದ ಮಾತು ಎನ್ನಲಾಗದು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಇತ್ತೀಚೆಗೆ 4ಕೆಯಲ್ಲಿ ಪುನರುಜ್ಜೀವನಗೊಳಿಸಲಾಯಿತು. ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಷನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸೇರಿ ಮಾಡಿದ ಈ ಕೆಲಸ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಕಪ್ಪು ಬಿಳುಪಿನ 35 ಎಂಎಂ ನೆಗೆಟಿವ್ ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಸೂಕ್ಷ್ಮವನ್ನು ಹೊರತೆಗೆಯಲು 4ಕೆ ಬೇಕೇ ಬೇಕು. ಸವೆದ ಪ್ರಿಂಟಿನಿಂದ ಮಾಡಿದ ಮಸುಕು ಪ್ರತಿಗಳಲ್ಲಷ್ಟೇ ಹಳೆಯ ಕನ್ನಡ ಚಿತ್ರಗಳನ್ನು ಕಂಡವರಿಗೆ ಅದೊಂದು ಹೊಸ ದರ್ಶನ. ಮೂಲದಲ್ಲಿ ವಿವರ ಇದ್ದರೆ 4ಕೆ ಅದನ್ನು ತೋರಿಸುತ್ತದೆ. ಇಂಥ ಚಿತ್ರಗಳು ಇನ್ನಷ್ಟು ಬರಲಿ, ಅವುಗಳಿಗೆ ಇಂದಿನ ಒಳ್ಳೆಯ 4ಕೆ ಟಿವಿ ಸಾಕು.

ಮೂಲ ಮತ್ತು ಕಣ್ಣಿನ ನಡುವೆ ಸಾಗಾಣಿಕೆಯ ತೊಡಕಿದೆ. ಟಾಟಾ ಸ್ಕೈ 4ಕೆ ಪೆಟ್ಟಿಗೆಯನ್ನು 2015ರಲ್ಲೇ ತಂದಿತ್ತು. 2023ರ ಐಪಿಎಲ್ ಅನ್ನು ಜಿಯೊಸಿನಿಮಾ 4ಕೆಯಲ್ಲಿ ಉಚಿತವಾಗಿ ತೋರಿಸಿತು. ಆದರೂ ದಿನನಿತ್ಯದ ಧಾರಾವಾಹಿ, ವಾರ್ತೆ, ರಿಯಾಲಿಟಿ ಶೋಗಳು ಆ ಮಟ್ಟಕ್ಕೆ ಬಂದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕೆಂದರೆ ಎಲ್ಲಕ್ಕಿಂತ ದುಬಾರಿಯಾದ ಪ್ಲಾನ್ ತೆಗೆದುಕೊಳ್ಳಬೇಕು. ಸೆಕೆಂಡಿಗೆ 15 ಮೆಗಾಬಿಟ್ ವೇಗವೂ ಇರಬೇಕು, ಗಂಟೆಗೆ 7 ಜಿಬಿವರೆಗೆ ಡೇಟಾ ಖರ್ಚಾಗುತ್ತದೆ. ಬೆಂಗಳೂರಿನ ಫೈಬರ್ ಸಂಪರ್ಕಕ್ಕೆ ಇದು ಭಾರವಲ್ಲ. ಮೊಬೈಲ್ ಹಾಟ್‌ಸ್ಪಾಟ್ ನಂಬಿ ಟಿವಿ ನೋಡುವ ಮಲೆನಾಡಿನ ಮನೆಗೆ ಭಾರವೇ.

ಬೇಗ ಕೊಂಡು ಕೈಸುಟ್ಟುಕೊಂಡವರ ಅನುಭವ ಈ ಕ್ಷೇತ್ರದಲ್ಲಿ ಧಾರಾಳವಾಗಿದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ ಹೆಚ್ಚು ಗೆರೆಗಳ ಟಿವಿಯ ಸಂಶೋಧನೆಗೆ ಕೈಹಾಕಿತು. ಎರಡು ದಶಕಗಳ ದುಡಿಮೆಯ ಫಲವಾಗಿ 1125 ಗೆರೆಗಳ ಹೈ-ವಿಷನ್ ಬಂತು. 1989ರಲ್ಲಿ ಉಪಗ್ರಹದ ಮೂಲಕ ಪ್ರತಿದಿನದ ಪ್ರಾಯೋಗಿಕ ಪ್ರಸಾರವೂ ಶುರುವಾಯಿತು. ಚಿತ್ರ ಅದ್ಭುತವಾಗಿತ್ತು, ಟಿವಿಯ ಬೆಲೆ ಒಂದು ಕಾರಿನಷ್ಟಿತ್ತು. ಆದರೆ ಆ ಪ್ರಸಾರ ನಡೆಯುತ್ತಿದ್ದುದು ಮ್ಯೂಸ್ ಎಂಬ ಅನಲಾಗ್ ಪದ್ಧತಿಯಲ್ಲಿ. ಅಷ್ಟರಲ್ಲಿ ಜಗತ್ತು ಡಿಜಿಟಲ್ ಕಡೆ ಹೊರಳಿತು. 1996ರಲ್ಲಿ ಅಮೆರಿಕ ಡಿಜಿಟಲ್ ಮಾನಕವನ್ನು ಒಪ್ಪಿಕೊಂಡಿತು, 2000ರ ಡಿಸೆಂಬರಿನಲ್ಲಿ ಜಪಾನೇ ಉಪಗ್ರಹದಿಂದ ಡಿಜಿಟಲ್ ಹೈ-ವಿಷನ್ ಆರಂಭಿಸಿತು. 2007ರಲ್ಲಿ ಮ್ಯೂಸ್ ಪ್ರಸಾರ ನಿಂತಿತು. ಆ ಟಿವಿಗಳಲ್ಲಿ ದೋಷವೇನೂ ಇರಲಿಲ್ಲ, ಅವುಗಳ ಸುತ್ತಲಿನ ಮಾನಕ ಬದಲಾಗಿತ್ತು.

4ಕೆಯ ಮೊದಲ ಗಿರಾಕಿಗಳಿಗೂ ಇಂಥದೇ ಪಾಠವಾಯಿತು. 2012ರಲ್ಲಿ ಸೋನಿಯ 84 ಇಂಚಿನ 4ಕೆ ಟಿವಿಗೆ ಅಮೆರಿಕದಲ್ಲಿ 25 ಸಾವಿರ ಡಾಲರ್ ಬೆಲೆ. ಆ ಕಾಲದ ಎಚ್‌ಡಿಎಂಐ 1.4 ಕೇಬಲ್ಲಿನ ಮೂಲಕ ಸೆಕೆಂಡಿಗೆ 30ಕ್ಕಿಂತ ಹೆಚ್ಚು 4ಕೆ ಫ್ರೇಮುಗಳು ಸಾಗುತ್ತಿರಲಿಲ್ಲ. 60 ಫ್ರೇಮು ಸಾಗಿಸುವ ಎಚ್‌ಡಿಎಂಐ 2.0 ಬಂದದ್ದು 2013ರ ಸೆಪ್ಟೆಂಬರಿನಲ್ಲಿ. 4ಕೆ ವಿಡಿಯೊವನ್ನು ಕುಗ್ಗಿಸಿ ಕಳಿಸುವ ಎಚ್‌ಇವಿಸಿ ಮಾನಕವೂ ಅದೇ ವರ್ಷದ್ದು. ನೆಟ್‌ಫ್ಲಿಕ್ಸ್ 2014ರಲ್ಲಿ 4ಕೆ ಶುರುಮಾಡಿದಾಗ ಎಚ್‌ಇವಿಸಿ ಬಿಡಿಸುವ ಚಿಪ್ ಇಲ್ಲದ ಟಿವಿಗಳು ಹೊರಗುಳಿದವು. ಬಣ್ಣ ಮತ್ತು ಬೆಳಕಿನ ವ್ಯಾಪ್ತಿಯನ್ನು ಹಿಗ್ಗಿಸುವ ಎಚ್‌ಡಿಆರ್ ಬಂದದ್ದು ಇನ್ನೂ ಆಮೇಲೆ. 2010ರಲ್ಲಿ ಅಬ್ಬರದಿಂದ ಬಂದ 3ಡಿ ಟಿವಿಯಂತೂ 2017ರ ಹೊತ್ತಿಗೆ ದೊಡ್ಡ ಕಂಪನಿಗಳ ಪಟ್ಟಿಯಿಂದಲೇ ಮಾಯವಾಯಿತು.

8ಕೆ ಈಗ ಎಲ್ಲಿದೆ? ಎನ್‌ಎಚ್‌ಕೆ 2018ರ ಡಿಸೆಂಬರ್ 1ರಂದು 8ಕೆ ಚಾನೆಲ್ ಆರಂಭಿಸಿತು. ಆದರೆ ಜಗತ್ತಿನ ಉಳಿದ ಬಹುತೇಕ ಪ್ರಸಾರಕರು ಆ ದಾರಿ ಹಿಡಿಯಲಿಲ್ಲ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಡಬ್ಬಿಯ ಮೇಲೆ 8ಕೆ ಎಂದು ಅಚ್ಚಾಗಿತ್ತು, 2024ರಲ್ಲಿ ಆ ಗುರುತನ್ನು ತೆಗೆಯಲಾಯಿತು. ಟಿಸಿಎಲ್ 2023ರಲ್ಲಿ 8ಕೆಯಿಂದ ಹಿಂದೆ ಸರಿಯಿತು, 2025ರಲ್ಲಿ ಸೋನಿಯೂ ತನ್ನ 8ಕೆ ಟಿವಿಗಳ ಮಾರಾಟ ನಿಲ್ಲಿಸಿತು. ವಿದ್ಯುತ್ತಿನ ಲೆಕ್ಕವೂ ಒಂದಿದೆ. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್ ಚಿಕ್ಕದಾದಷ್ಟೂ ಹಿಂದಿನ ಬೆಳಕು ಮುಂದೆ ಬರುವ ಕಿಂಡಿ ಕಿರಿದಾಗುತ್ತದೆ, ಅದೇ ಪ್ರಖರತೆಗೆ ಹೆಚ್ಚು ಕರೆಂಟು ಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟ 2023ರ ಮಾರ್ಚಿನಿಂದ 8ಕೆ ಟಿವಿಗಳಿಗೂ ವಿದ್ಯುತ್ ಬಳಕೆಯ ಮಿತಿ ಹೇರಿದಾಗ, ಕಾರ್ಖಾನೆಯಿಂದ ಬರುವ ಸೆಟ್ಟಿಂಗಿನಲ್ಲಿ ಬೆಳಕು ತಗ್ಗಿಸಿಯೇ ಕಂಪನಿಗಳು ಆ ಮಿತಿಯೊಳಗೆ ಬರಬೇಕಾಯಿತು. ತಯಾರಕರೇ ಕೈಬಿಡುತ್ತಿರುವ ವಸ್ತುವಿಗಾಗಿ ನಾವು ಕಾದು ಕೂರುವ ಅಗತ್ಯವಿಲ್ಲ.

ಆದರೆ ಕಾಯುವುದನ್ನೇ ಜಾಣತನ ಎಂದುಕೊಳ್ಳುವುದೂ ತಪ್ಪು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಮಾನಕ ಒಂದೇ ಇತ್ತು, ಪ್ರಸಾರ ಕೈಯಲ್ಲೇ ಇತ್ತು, ದೆಹಲಿಯ ಏಷ್ಯನ್ ಕ್ರೀಡಾಕೂಟ ಕಣ್ಣಮುಂದಿತ್ತು. ಅಂದು ಬಣ್ಣದ ಟಿವಿ ಕೊಂಡವರು ಮೋಸಹೋಗಲಿಲ್ಲ. ಆ ಪ್ರಸಾರ ಹಳೆಯ ಕಪ್ಪು ಬಿಳುಪು ಟಿವಿಯಲ್ಲೂ ಕಾಣುತ್ತಿದ್ದುದರಿಂದ ಕಾದವರಿಗೂ ನಷ್ಟವಾಗಲಿಲ್ಲ. ಇಂದಿನ 4ಕೆಯೂ ಅಂಥದೇ ಘಟ್ಟ ತಲುಪಿದೆ. ಮಾನಕಗಳು ನೆಲೆ ನಿಂತಿವೆ, ಎಚ್‌ಇವಿಸಿ ಬಹುತೇಕ ಎಲ್ಲ 4ಕೆ ಸ್ಮಾರ್ಟ್ ಟಿವಿಗಳಲ್ಲೂ ಇದೆ, 43 ಇಂಚಿನ 4ಕೆ ಟಿವಿ 30 ಸಾವಿರ ರೂಪಾಯಿಯೊಳಗೇ ಸಿಗುತ್ತದೆ. ಟಿವಿ ಕೆಟ್ಟು ಕೂತಿರುವ ಮನೆಯವರು ಹೊಸ ಮಾದರಿ ಬರಲೆಂದು ಕಾದರೆ, ಅದು ಬಂದಾಗ ಅದಕ್ಕೂ ಹೊಸದೊಂದರ ಸುದ್ದಿ ಇದ್ದೇ ಇರುತ್ತದೆ.

ಹಾಗೆ ಕೊಳ್ಳುವಾಗ ಪಿಕ್ಸೆಲ್ ಎಣಿಕೆ ಬಿಟ್ಟು ಬೇರೆ ಮೂರು ವಿಷಯ ನೋಡಿ. ಮೊದಲನೆಯದು, ಕಪ್ಪು ಎಷ್ಟು ಕಪ್ಪಾಗಿದೆ. ಅಂಗಡಿಯ ದೀಪ ಆರಿಸಿ ರಾತ್ರಿಯ ದೃಶ್ಯವೊಂದನ್ನು ಹಾಕಿಸಿದರೆ ಗೊತ್ತಾಗುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ಅಪ್ಪಟ ಕಪ್ಪು. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಗುಂಪುಗುಂಪಾಗಿ ಮಬ್ಬಾಗುತ್ತವೆ. ಅಗ್ಗದ ಟಿವಿಯಲ್ಲಿ ಕಪ್ಪು ಬೂದು ಬಣ್ಣವಾಗಿ ಕಾಣುತ್ತದೆ. ಎರಡನೆಯದು, ಪ್ರಖರತೆ. ಡಬ್ಬಿಯ ಮೇಲೆ ಎಚ್‌ಡಿಆರ್ ಎಂದಿರುತ್ತದೆ. ಆದರೆ ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪ್ರಖರತೆಯ ಅಳತೆ) ಬೆಳಕಿಗೆ ಹೊಂದಿಸಿ ಸಿದ್ಧಪಡಿಸುತ್ತಾರೆ, 300 ನಿಟ್ಸ್ ಮುಟ್ಟದ ಟಿವಿಯಲ್ಲಿ ಆ ಹೆಸರಿಗೆ ಅರ್ಥವಿಲ್ಲ. ಮೂರನೆಯದು, ವಾರಂಟಿ ಮತ್ತು ಊರಿನಲ್ಲಿ ಸರ್ವಿಸ್. ವಾರಂಟಿ ಮುಗಿದ ಮೇಲೆ ಪ್ಯಾನೆಲ್ ಹೋದರೆ ಅದರ ಖರ್ಚು ಹೊಸ ಟಿವಿಯ ಬೆಲೆಯ ಹತ್ತಿರ ಹೋಗುತ್ತದೆ. ಸಾಫ್ಟ್‌ವೇರ್ ಹಳೆಯದಾಗಿ ಆ್ಯಪ್‌ಗಳು ನಿಂತುಹೋದರೆ ಟಿವಿ ಎಸೆಯಬೇಕಾಗಿಲ್ಲ, ಎಚ್‌ಡಿಎಂಐಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಸಾಕು.

ಈಗ ಮೇಜಿಗೆ ಬರೋಣ. ಕಂಪ್ಯೂಟರಿನ ಮುಂದೆ ನಾವು ಕೂರುವುದು ಎರಡಡಿ ದೂರದಲ್ಲಿ. ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಕಾಲೇಜು ಮಕ್ಕಳ ಕೋಣೆಗಳಲ್ಲಿ ಕಾಣುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇಂಚಿಗೆ 92 ಪಿಕ್ಸೆಲ್. ಹಳೆಯ ಬಿಗಿ ಲೆಕ್ಕದಲ್ಲೇ ಅಳೆದರೂ ಆ ಚುಕ್ಕೆಗಳು ಮೂರಡಿ ದೂರದವರೆಗೆ ಕಣ್ಣಿಗೆ ಬೇರೆಯಾಗಿ ಕಾಣುತ್ತವೆ. ಅಂದರೆ ದಿನವಿಡೀ ಓದುವವರ ಕಣ್ಣು ಅಕ್ಷರದ ಜೊತೆ ಚುಕ್ಕೆಯನ್ನೂ ನೋಡುತ್ತಿರುತ್ತದೆ. 27 ಇಂಚಿನ 4ಕೆ ಮಾನಿಟರಿನಲ್ಲಿ ಇಂಚಿಗೆ 163 ಪಿಕ್ಸೆಲ್. ಅದೇ ಲೆಕ್ಕದ ಪ್ರಕಾರ ಎರಡಡಿಯಲ್ಲಿ ಚುಕ್ಕೆ ಮರೆಯಾಗಿ ಅಕ್ಷರ ಮಾತ್ರ ಉಳಿಯುತ್ತದೆ. ಗೋಡೆಯಲ್ಲಿ ವ್ಯರ್ಥವಾಗುವ ರೆಸಲ್ಯೂಶನ್ ಇಲ್ಲಿ ಪೂರ್ತಿ ದಕ್ಕುತ್ತದೆ. ಮೂಲದ ಕೊರತೆಯೂ ಇಲ್ಲಿಲ್ಲ. ಅಕ್ಷರವನ್ನು ಯಾರೂ ಚಿತ್ರೀಕರಿಸಿ ಕಳಿಸುವುದಿಲ್ಲ, ಕಂಪ್ಯೂಟರೇ ಫಾಂಟಿನ ರೇಖೆಗಳಿಂದ ಆಗಿಂದಾಗ್ಗೆ ಬಿಡಿಸುತ್ತದೆ, ಪರದೆಯಲ್ಲಿ ಎಷ್ಟು ಚುಕ್ಕೆ ಇವೆಯೋ ಅಷ್ಟನ್ನೂ ಬಳಸಿಕೊಳ್ಳುತ್ತದೆ.

ಕನ್ನಡ ಓದುವವರಿಗೆ ಇದು ಇನ್ನೂ ಮುಖ್ಯ. ರೋಮನ್ ಅಕ್ಷರಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು, ಮೇಲೆ ಗುಣಿತದ ತಿರುವು. 'ರಾಷ್ಟ್ರ' ಪದದ ಷಕಾರದ ಅಡಿಯಲ್ಲಿ ಟ ಒತ್ತು, ರ ಒತ್ತು ಎರಡೂ ಬರಬೇಕು, 'ಸ್ವಾತಂತ್ರ್ಯ'ದ ತಕಾರದ ಅಡಿಯಲ್ಲಿ ರ ಒತ್ತು, ಯ ಒತ್ತು. 12 ಪಾಯಿಂಟ್ ಅಕ್ಷರಕ್ಕೆ ಹಳೆಯ ಮಾನಿಟರಿನಲ್ಲಿ ಸಿಗುವುದು 16 ಪಿಕ್ಸೆಲ್ ಎತ್ತರ. ಅದರಲ್ಲಿ ಒತ್ತಕ್ಷರದ ಪಾಲಿಗೆ ಉಳಿಯುವುದು ನಾಲ್ಕೈದು. ಅಷ್ಟರಲ್ಲಿ ಒತ್ತಿನ ಸುರುಳಿ ಮೂಡುವುದಿಲ್ಲ, ಒಂದು ಮಸಿಯ ಗುರುತು ಮೂಡುತ್ತದೆ. ರಕಾರದ ಒಳಗೆ ಚುಕ್ಕೆ ಇಟ್ಟರೆ ಠಕಾರ. ಆ ಚುಕ್ಕೆಗೆ ಸಿಗುವುದು ಒಂದೇ ಪಿಕ್ಸೆಲ್, ಅದೂ ಅರೆಬೂದು ಬಣ್ಣದ್ದು. ಪಕಾರ ಷಕಾರಗಳ ನಡುವಿನ ಅಂತರವೂ ಒಳಗಿನ ಒಂದು ಗೀಟು. ಕರಡು ತಿದ್ದುವವರು ತಪ್ಪನ್ನು ಹಿಡಿಯಬೇಕಾದ ಜಾಗಗಳೇ ಇವು, ಹಳೆಯ ಪರದೆ ಮಸುಕು ಮಾಡುವ ಜಾಗಗಳೂ ಇವೇ. 27 ಇಂಚಿನ 4ಕೆಯಲ್ಲಿ ಸ್ಕೇಲಿಂಗ್ ಅನ್ನು ಶೇ 175ಕ್ಕೆ ಇಟ್ಟರೆ, ಕಣ್ಣಿಗೆ ಅಷ್ಟೇ ದೊಡ್ಡದಾಗಿ ಕಾಣುವ ಅಕ್ಷರಕ್ಕೆ 28 ಪಿಕ್ಸೆಲ್ ಎತ್ತರ ಸಿಗುತ್ತದೆ. ಅಗಲವನ್ನೂ ಸೇರಿಸಿದರೆ ಅಕ್ಷರಕ್ಕೆ ಸಿಗುವ ಚುಕ್ಕೆಗಳು ಮೂರು ಪಟ್ಟು. ಒತ್ತು ಒತ್ತಾಗಿ, ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಮೊಬೈಲಿನಲ್ಲಿ ನಾವು ಅಷ್ಟು ಚಿಕ್ಕ ಕನ್ನಡವನ್ನು ಸಲೀಸಾಗಿ ಓದಲು ಕಾರಣವೂ ಅಲ್ಲಿ ಇಂಚಿಗೆ 400ರ ಆಸುಪಾಸು ಪಿಕ್ಸೆಲ್ ಇರುವುದು.

ಕೊಳ್ಳುವ ಮೊದಲು ಒಂದು ಎಚ್ಚರ. ಹಳೆಯ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ 1.4 ಮಾತ್ರ ಇದ್ದರೆ 4ಕೆ ಮಾನಿಟರ್ ಸೆಕೆಂಡಿಗೆ 30 ಬಾರಿಯಷ್ಟೇ ಬದಲಾಗುತ್ತದೆ, ಮೌಸ್ ತಡವರಿಸಿದಂತೆ ಭಾಸವಾಗುತ್ತದೆ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕಂಪ್ಯೂಟರ್ ಬದಲಿಸುವವರೆಗೆ ಕಾಯುವುದೇ ಸರಿ, ಯಾಕೆಂದರೆ ಅಲ್ಲಿ ದುರ್ಬಲ ಹಂತ ಅದೇ.

ನಮ್ಮ ಮನೆಗಳಲ್ಲಿ ಹಣ ಹೋಗುವ ದಿಕ್ಕು ನನ್ನನ್ನು ಬಹಳ ಕಾಡುತ್ತದೆ. ಬಂದವರ ಕಣ್ಣಿಗೆ ಬೀಳುವ ಗೋಡೆಗೆ 65 ಇಂಚು ಬರುತ್ತದೆ. ಪರೀಕ್ಷೆಗೆ ಓದುವ ಮಗಳು, ಮನೆಯಿಂದಲೇ ಕೆಲಸ ಮಾಡುವ ಸೊಸೆ, ಕಣ್ಣು ಮಂಜಾಗುತ್ತಿದ್ದರೂ ಪ್ರತಿದಿನ ಇ-ಪೇಪರ್ ಓದುವ ಅಜ್ಜ ಮಾತ್ರ ಯಾವ ಕಾಲದ್ದೋ 1366 ಮತ್ತು 768 ಪಿಕ್ಸೆಲ್ಲಿನ ಪರದೆಯ ಮುಂದೆ ಕುತ್ತಿಗೆ ಚಾಚಿ ಕೂರುತ್ತಾರೆ. ದೊಡ್ಡ ಟಿವಿಗೆಂದು ತೆಗೆದಿಟ್ಟ ಹಣದಲ್ಲಿ 25 ಸಾವಿರದ ಆಸುಪಾಸನ್ನು ಈ ಕಡೆ ತಿರುಗಿಸಿದರೆ ಒಳ್ಳೆಯ 4ಕೆ ಮಾನಿಟರ್ ಬರುತ್ತದೆ. ಶಾಲೆ, ಗ್ರಂಥಾಲಯ, ಪ್ರಕಾಶನ ಸಂಸ್ಥೆ, ಸರ್ಕಾರಿ ಕಚೇರಿಗಳಲ್ಲಿ ಖರೀದಿಯ ಅಧಿಕಾರ ಇರುವವರಿಗೂ ನನ್ನ ಕೋರಿಕೆ ಇದೇ. ಸಭಾಂಗಣದ ಭಾರಿ ಪರದೆಗೆ ಟೆಂಡರ್ ಕರೆಯುವ ಮೊದಲು ದಿನವಿಡೀ ಕನ್ನಡ ಟೈಪ್ ಮಾಡುವ, ತಿದ್ದುವ ಸಿಬ್ಬಂದಿಯ ಮೇಜನ್ನು ಒಮ್ಮೆ ನೋಡಿ ಬನ್ನಿ. ಈ ವರ್ಷ ಒಂದೇ ಪರದೆಗೆ ಹಣವಿದ್ದರೆ, ಅದು ಅಕ್ಷರ ಓದುವವರ ಮುಂದೆ ಇರಲಿ.